ಜ್ವರ ಮುಚ್ಚಿಡಬೇಡ, ಚೈತ್ರಾ

ಮೈಸೂರು
ಜೂನ್ 14

ಚಿ. ಚೈತ್ರಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ನಿನ್ನ ಕ್ಷೇಮದ ಬಗ್ಗೆ ಮಾತ್ರ ನನಗೆ ಅನುಮಾನ ಬಂದಿದೆ, ಅದಕ್ಕೇ ಈ ಪತ್ರ. ಭಾನುವಾರ ಫೋನಿನಲ್ಲಿ ಮಾತಿಗೊಮ್ಮೆ ಕೆಮ್ಮುತ್ತಿದ್ದೆ. ಕೇಳಿದರೆ ‘ಪರ್ತ್‌ನಲ್ಲಿ ಈಗ ಚಳಿಗಾಲ ದೊಡ್ಡಮ್ಮ’ ಎಂದು ಮಾತು ತೇಲಿಸಿದೆ. ಮರುದಿನ ನಿನ್ನ ಅಮ್ಮನ ಬಾಯಿಂದ ನಿಜ ಹೊರಬಂತು. ನಮ್ಮ ಲೆಕ್ಕದಲ್ಲಿ 101 ಡಿಗ್ರಿ ಜ್ವರವಿತ್ತಂತೆ, ಎರಡು ಮಾತ್ರೆ ನುಂಗಿ ರಾತ್ರಿ ಪಾಳಿಗೆ ಹೋದೆಯಂತೆ. ‘ವಾರ್ಡಿನಲ್ಲಿ ಜನವಿಲ್ಲ, ರೋಗಿಗಳನ್ನು ಬಿಟ್ಟು ಹೇಗೆ ಮಲಗಲಿ’ ಎಂದೆಯಂತೆ. ನಿನ್ನ ಅಮ್ಮ ಅದನ್ನು ಹೆಮ್ಮೆಯಿಂದಲೇ ಹೇಳಿದಳು. ನನಗೆ ಭಯವಾಯಿತು.

ಹೋದ ವರ್ಷ ಗೆಳತಿಯರ ಜೊತೆ ವುಡ್‌ಮನ್ ಪಾಯಿಂಟ್ ಸಮುದ್ರದಂಡೆಗೆ ಹೋಗಿದ್ದಾಗ ನೀನೊಂದು ಫೋಟೋ ಕಳಿಸಿದ್ದೆ, ನೆನಪಿದೆಯೆ? ‘ಇಲ್ಲಿ ಒಬ್ಬ ನರ್ಸಿನ ಹೆಸರಿನ ಕಲ್ಲಿದೆ ದೊಡ್ಡಮ್ಮ, ನಮ್ಮ ಹಾಗೆಯೇ ಒಬ್ಬಳು’ ಎಂದು ಬರೆದಿದ್ದೆ. ಮೂವತ್ತೈದು ವರ್ಷ ಇದೇ ಕೆಲಸ ಮಾಡಿದವಳು ನಾನು, ಸುಮ್ಮನೆ ಬಿಡಲಾಗಲಿಲ್ಲ. ರೋಸಾ ಓಕೇನ್ ಯಾರು, ಅಲ್ಲಿಗೆ ಯಾಕೆ ಬಂದಳು ಎಂದು ಸಿಕ್ಕಿದ್ದನ್ನೆಲ್ಲ ಓದಿದೆ. ನೂರು ವರ್ಷದ ಹಿಂದಿನವಳನ್ನು ಬಹುವಚನದಲ್ಲಿ ಕರೆಯಬೇಕೇನೋ. ಆದರೆ ಸತ್ತಾಗ ಅವಳಿಗೆ ಇಪ್ಪತ್ತೆಂಟು. ನನ್ನ ಕಣ್ಣಿಗೆ ಅವಳು ನಿನ್ನ ಓರಗೆಯ ಹುಡುಗಿ, ಹಾಗೆಯೇ ಬರೆಯುತ್ತೇನೆ.

ಅವಳ ಊರು ಚಾರ್ಟರ್ಸ್ ಟವರ್ಸ್. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಉತ್ತರ ಭಾಗದಲ್ಲಿ, ನಮ್ಮ ಕೋಲಾರದ ಹಾಗೆ ಚಿನ್ನದ ಗಣಿಯಿಂದ ಬೆಳೆದ ಊರು. ನರ್ಸಿಂಗ್ ಕಲಿತು ಮೊದಲ ಮಹಾಯುದ್ಧದ ಕಾಲದಲ್ಲಿ ಸೇನೆಯ ಸೇವೆಗೆ ಸೇರಿದಳು. 1918ರ ಅಕ್ಟೋಬರ್‌ನಲ್ಲಿ ವೈರೀಮಾ ಎಂಬ ಹಡಗು ಹತ್ತಿ ಗ್ರೀಸಿನ ಸಲೋನಿಕಾದ ಯುದ್ಧ ಆಸ್ಪತ್ರೆಗಳಿಗೆ ಹೊರಟಳು. ದಾರಿಯಲ್ಲಿದ್ದಾಗಲೇ, ನವೆಂಬರ್ 11ರಂದು ಯುದ್ಧ ನಿಂತಿತು. ಹಡಗನ್ನು ದಕ್ಷಿಣ ಆಫ್ರಿಕಾದಿಂದಲೇ ಹಿಂದಿರುಗಿಸಿದರು. ಆ ಹಡಗಿನ ಹುಡುಗಿಯರಿಗೆ ಎಷ್ಟು ಸಂತೋಷವಾಗಿರಬೇಕು, ಯೋಚಿಸು. ಗುಂಡಿನ ಸದ್ದು ಕೇಳದೆಯೇ ಮನೆಗೆ ಮರಳುವ ಭಾಗ್ಯ.

ಅದೇ ಹೊತ್ತಿಗೆ ಬೂನಾ ಎಂಬ ಇನ್ನೊಂದು ಹಡಗು ಸುಮಾರು 1,200 ಸೈನಿಕರನ್ನು ಹೊತ್ತು ನಿಮ್ಮ ಪರ್ತ್ ಪಕ್ಕದ ಬಂದರು ಫ್ರೀಮ್ಯಾಂಟಲ್‌ನಿಂದ ದಕ್ಷಿಣ ಆಫ್ರಿಕಾದ ಡರ್ಬನ್‌ಗೆ ಹೋಗಿತ್ತು. ಅವರಿಗೂ ಯುದ್ಧ ಸಿಗಲಿಲ್ಲ, ತಿರುಗಿ ಬನ್ನಿ ಎಂದು ಆಜ್ಞೆಯಾಯಿತು. ಆದರೆ ಡರ್ಬನ್ ಬಂದರಿನಲ್ಲಿ ಸರಕು ತುಂಬಲು ಬಂದ ಕೂಲಿಗಳ ಜೊತೆ ಇನ್‌ಫ್ಲುಯೆಂಜಾವೂ ಹಡಗು ಹತ್ತಿತ್ತು. ಒತ್ತೊತ್ತಾಗಿ ಮಲಗುವ ಹಡಗಿನಲ್ಲಿ ಅದಕ್ಕಿನ್ನೇನು ಬೇಕು? ಡಿಸೆಂಬರ್‌ನ ಎರಡನೇ ವಾರ ಫ್ರೀಮ್ಯಾಂಟಲ್ ಎದುರು ಲಂಗರು ಹಾಕುವಷ್ಟರಲ್ಲಿ ನೂರಾರು ಜನ ಮಲಗಿದ್ದರು. ತೀರಾ ಕೆಟ್ಟ ಸ್ಥಿತಿಯಲ್ಲಿದ್ದ ಸುಮಾರು 300 ಮಂದಿಯನ್ನು ವುಡ್‌ಮನ್ ಪಾಯಿಂಟಿನ ಕ್ವಾರಂಟೈನ್ ನೆಲೆಗೆ ಇಳಿಸಿದರು. ಅಷ್ಟು ರೋಗಿಗಳನ್ನು ನೋಡಿಕೊಳ್ಳುವ ಕೈಗಳು ಅಲ್ಲಿರಲಿಲ್ಲ. ಮನೆಯ ಕಡೆ ಹೊರಟು ಬಂದಿದ್ದ ವೈರೀಮಾದ ನರ್ಸ್‌ಗಳನ್ನು ಕೇಳಿದರು. ಇಪ್ಪತ್ತು ಮಂದಿ ತಾವಾಗಿ ಮುಂದೆ ಬಂದರು. ರೋಸಾ ಅವರಲ್ಲೊಬ್ಬಳು.

ಅವಳು ಅಲ್ಲಿ ಏನು ಮಾಡಿರಬಹುದು ಎಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಆ ಕಾಯಿಲೆಗೆ ಆಗ ಔಷಧವೇ ಇರಲಿಲ್ಲ. ಅದು ವೈರಸ್ಸಿನಿಂದ ಬರುತ್ತದೆ ಎಂದು ಖಚಿತವಾಗಿ ಗೊತ್ತಾಗಿದ್ದೇ 1933ರಲ್ಲಿ. ಪೆನ್ಸಿಲಿನ್ ಪತ್ತೆಯಾಗಿದ್ದು 1928ರಲ್ಲಿ. ಜ್ವರದ ಬೆನ್ನಿಗೆ ನ್ಯುಮೋನಿಯಾ ಹಿಡಿಯುತ್ತಿತ್ತು. ತುಟಿ, ಕಿವಿ, ಕೆನ್ನೆ ನೀಲಿಗಟ್ಟುತ್ತಿದ್ದವು. ಇಪ್ಪತ್ತರಿಂದ ನಲವತ್ತರೊಳಗಿನ ಗಟ್ಟಿಮುಟ್ಟಾದವರನ್ನೇ ಅದು ಹೆಚ್ಚಾಗಿ ಕೊಂಡೊಯ್ಯಿತು. ಡಾಕ್ಟರರ ಬಳಿ ಕೊಡಲು ಏನೂ ಇಲ್ಲದಾಗ ಉಳಿಯುವುದು ನರ್ಸಿನ ಎರಡು ಕೈ. ಒದ್ದೆ ಬಟ್ಟೆಯಿಂದ ಮೈ ಒರೆಸುವುದು, ತಲೆಯ ಕೆಳಗೆ ಕೈ ಕೊಟ್ಟೆತ್ತಿ ಚಮಚದಲ್ಲಿ ನೀರು ಹನಿಸುವುದು, ಬೆವರಿದ ಹಾಸು ಬದಲಿಸುವುದು, ಮಗ್ಗುಲು ಹೊರಳಿಸುವುದು, ಉಸಿರು ಸಿಗದೆ ಒದ್ದಾಡುವವನನ್ನು ದಿಂಬಿಗೆ ಒರಗಿಸಿ ಕೂರಿಸುವುದು. ಒಬ್ಬನಿಗೆ ನೀರು ಕುಡಿಸಲು ನಿನ್ನ ಮುಖ ಅವನ ಮುಖಕ್ಕೆ ಎಷ್ಟು ಹತ್ತಿರ ಬರುತ್ತದೆ ಎಂದು ನಿನಗೆ ಗೊತ್ತು. ಒಂದು ಗೇಣು. ಅವನು ಕೆಮ್ಮಿದರೆ ಎಲ್ಲವೂ ನಿನ್ನ ಮೇಲೆ. ಆಗ ಇದ್ದ ರಕ್ಷಣೆ ಗಾಜ್ ಬಟ್ಟೆಯ ಮಾಸ್ಕ್ ಅಷ್ಟೇ.

ಡಿಸೆಂಬರ್ 21ರಂದು ರೋಸಾ ತೀರಿಕೊಂಡಳು. ಕೆಲಸಕ್ಕೆ ಇಳಿದು ಎರಡು ವಾರವೂ ಆಗಿರಲಿಲ್ಲ. ಯುದ್ಧ ಮುಗಿದು ನಲವತ್ತು ದಿನ. ಮುಂದೆ ಡೋರಿಸ್ ರಿಡ್ಜ್‌ವೇ, ಏಡಾ ಥಾಂಪ್ಸನ್, ಹಿಲ್ಡಾ ವಿಲಿಯಮ್ಸ್ ಕೂಡ ಅದೇ ನೆಲೆಯಲ್ಲಿ ಹೋದರು. ಇಪ್ಪತ್ತಕ್ಕೂ ಹೆಚ್ಚು ಸೈನಿಕರ ಜೊತೆ ನಾಲ್ಕು ಜನ ನರ್ಸ್‌ಗಳು. ರೋಸಾಳ ಊರು ಆ ದೇಶದ ಒಂದು ತುದಿ, ಪ್ರಾಣ ಬಿಟ್ಟದ್ದು ಇನ್ನೊಂದು ತುದಿ.

ಇದನ್ನು ನಾನು ಎಷ್ಟು ಸಲ ಓದಿದರೂ ಕಣ್ಣು ತುಂಬುತ್ತದೆ. ಆದರೂ ಚೈತ್ರಾ, ಇವಳ ಸಾವನ್ನು ನೀನು ಮಾದರಿಯಾಗಿ ಇಟ್ಟುಕೊಳ್ಳಕೂಡದು. ಅವಳು ಆರೋಗ್ಯವಾಗಿದ್ದಾಗ ಒಳಗೆ ಹೋದಳು, ಅಪಾಯ ಗೊತ್ತಿದ್ದೇ ಹೋದಳು. ಒಮ್ಮೆ ಒಳಗೆ ಹೋದ ಮೇಲೆ ಅಲ್ಲಿಯ ಸೋಂಕು ಹೊರಗೆ ದಾಟದಂತೆ ಬೇಲಿಯೊಳಗೇ ಉಳಿದಳು. ನೀನು ಮಾಡಿದ್ದು ಬೇರೆ. ಜ್ವರವನ್ನು ಮಾತ್ರೆಯಲ್ಲಿ ಅಡಗಿಸಿಕೊಂಡು, ವಯಸ್ಸಾದವರೂ ಆಪರೇಷನ್ ಆದವರೂ ಮಲಗಿರುವ ವಾರ್ಡಿಗೆ ನಡೆದು ಹೋದೆ.

ಬೂನಾದ ಉಳಿದ ಸೈನಿಕರನ್ನು ದಡಕ್ಕೆ ಬಿಡಲೇ ಇಲ್ಲ. ಹುಡುಗರನ್ನು ಇಳಿಸಿ ಎಂದು ಊರಿನವರು ಗಲಾಟೆ ಮಾಡಿದರು. ಯುದ್ಧದಿಂದ ಮರಳಿದ್ದ ಸೈನಿಕರು ಹಡಗಿಗೆ ನುಗ್ಗುತ್ತೇವೆ ಎಂದು ಬೆದರಿಸಿದರು. ಕೊನೆಗೆ ಆ ಹಡಗು ಅಡಿಲೇಡ್ ಕಡೆಗೆ ಹೋಗಿ ಅಲ್ಲಿ ಜನರನ್ನು ಇಳಿಸಬೇಕಾಯಿತು. ಕ್ರೂರ ಎನಿಸುತ್ತದೆ, ನನಗೂ ಅನಿಸಿತು. ಆದರೆ ಅಂಥ ಕಟ್ಟುಪಾಡಿನಿಂದಲೇ ರೋಗ ಆ ದೇಶದೊಳಗೆ ಹರಡುವುದು ತಡವಾಯಿತು. ನಮ್ಮಲ್ಲಿ ಏನಾಯಿತು? 1918ರ ಜೂನ್‌ನಲ್ಲಿ ಬೊಂಬಾಯಿ ಬಂದರಿಗೆ ಬಂದ ಕಾಯಿಲೆ ರೈಲು ಹತ್ತಿ ದೇಶವೆಲ್ಲ ಓಡಾಡಿತು. ಒಂದು ಕೋಟಿಗಿಂತ ಹೆಚ್ಚು ಜನ ಸತ್ತರು. ನನ್ನ ಅಜ್ಜಿ ಯಾರ ವಯಸ್ಸು ಹೇಳುವಾಗಲೂ ‘ಇನ್‌ಫ್ಲುಯೆಂಜಾ ವರ್ಷಕ್ಕೆ ಮುಂಚೆ’, ‘ಇನ್‌ಫ್ಲುಯೆಂಜಾ ವರ್ಷದ ಮೇಲೆ’ ಎಂದೇ ಹೇಳುತ್ತಿದ್ದರು. ಅವರ ಇಬ್ಬರು ಅಕ್ಕಂದಿರು ಒಂದೇ ವಾರದಲ್ಲಿ ಹೋಗಿದ್ದರು.

ಈಗ ನಿನ್ನ ಅಮ್ಮನಿಗೂ ಹೇಳದ ಮಾತೊಂದನ್ನು ನಿನಗೆ ಹೇಳುತ್ತೇನೆ. 1981ರಲ್ಲಿ ನಾನು ಮಕ್ಕಳ ವಾರ್ಡಿನಲ್ಲಿದ್ದೆ. ಕೆಲಸಕ್ಕೆ ಸೇರಿ ಎರಡು ವರ್ಷ. ಒಂದು ಸಂಜೆ ಮೈ ಬಿಸಿಯಾಯಿತು, ಸೊಂಟ ಹಿಡಿದುಕೊಂಡಿತು. ರಜೆ ಕೇಳಿದರೆ ಸೋಮಾರಿ ಎಂದುಕೊಳ್ಳುತ್ತಾರೆ ಎಂದು ಹೆದರಿ ಮಾತ್ರೆ ನುಂಗಿ ಎರಡು ರಾತ್ರಿ ಕೆಲಸ ಮಾಡಿದೆ. ಮೂರನೇ ಬೆಳಿಗ್ಗೆ ಸ್ನಾನ ಮಾಡುವಾಗ ಎದೆಯ ಮೇಲೆ ನೀರುಗುಳ್ಳೆ ಕಂಡವು. ಚಿಕನ್‌ಪಾಕ್ಸ್. ಮನೆಯಲ್ಲಿ ‘ಅಮ್ಮ ಎದ್ದಿದೆ’ ಎಂದು ಬೇವಿನ ಸೊಪ್ಪು ಹಾಸಿ ಮಲಗಿಸಿದರು. ವಾರ್ಡಿನ ಮೂಲೆಯ ಹಾಸಿಗೆಯಲ್ಲಿ ರಕ್ತದ ಕ್ಯಾನ್ಸರ್ ಇದ್ದ ಐದು ವರ್ಷದ ಮಗು ಇತ್ತು. ಕೆಂಪು ರಿಬ್ಬನ್ನಿನ ತುಂಡೊಂದನ್ನು ಸದಾ ಬೆರಳಿಗೆ ಸುತ್ತಿಕೊಂಡಿರುತ್ತಿತ್ತು. ಆ ಎರಡೂ ರಾತ್ರಿ ನಾನೇ ಅದಕ್ಕೆ ಹಾಲು ಕುಡಿಸಿದ್ದೆ. ಎರಡು ವಾರದ ಮೇಲೆ ಅದಕ್ಕೂ ಗುಳ್ಳೆ ಎದ್ದವು. ಮಗು ಉಳಿಯಲಿಲ್ಲ. ನಿನ್ನಿಂದ ಬಂತು ಎಂದು ಯಾರೂ ನನ್ನನ್ನು ಕೇಳಲಿಲ್ಲ. ಮೈ ಬಿಸಿಯಿದ್ದುದು ನನಗೊಬ್ಬಳಿಗೇ ಗೊತ್ತಿತ್ತು.

ಅದಕ್ಕೇ ಹೇಳುತ್ತೇನೆ, ಜನವಿಲ್ಲದ ವಾರ್ಡಿಗೆ ಜನ ಒದಗಿಸುವುದು ಮೇಲಿನವರ ಜವಾಬ್ದಾರಿ. ಅದನ್ನು ನಿನ್ನ ಜ್ವರದ ಮೈಮೇಲೆ ಹೊತ್ತುಕೊಳ್ಳಬೇಡ. ಮೈ ಬಿಸಿಯಾದ ಕೂಡಲೇ ಮೇಲ್ವಿಚಾರಕರಿಗೆ ತಿಳಿಸು. ಅವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಪ್ರತಿ ವರ್ಷ ಚಳಿಗೆ ಮುಂಚೆ ಫ್ಲೂ ಚುಚ್ಚುಮದ್ದು ಹಾಕಿಸಿಕೋ. ರೋಸಾಳಿಗೆ ಅದು ಇರಲಿಲ್ಲ. ನಿನಗೆ ಇದೆ, ಸಂಬಳದ ರಜೆಯೂ ಇದೆ. ಪಾಳಿ ಮುಗಿಸಿ ಬಂದ ಮೇಲೆ ಊಟ ಮಾಡಿ ಮಲಗು, ನಿದ್ದೆಗೆಟ್ಟು ಫೋನ್ ನೋಡುತ್ತ ಕೂರಬೇಡ. ನಿನ್ನನ್ನು ಯಾರಾದರೂ ದೇವತೆ ಎಂದು ಹೊಗಳಿದರೆ ನಕ್ಕು ಕೈತೊಳೆಯಲು ಹೋಗು. ಮೈ ಸರಿಯಿರುವಾಗ ಮಾತ್ರ ಹಿಂದೆಗೆಯಬೇಡ. ಕೆಮ್ಮುವವನ ತಲೆಯೆತ್ತಿ ನೀರು ಕುಡಿಸುವ ಕೆಲಸವನ್ನು ಇನ್ನೊಬ್ಬಳ ಮೇಲೆ ಹಾಕಬೇಡ. ಅದರಲ್ಲಿ ರೋಸಾಳನ್ನು ಅನುಸರಿಸು.

ಪೂರ್ತಿ ಚೇತರಿಸಿಕೊಂಡ ಮೇಲೆ ಒಂದು ಭಾನುವಾರ ಮತ್ತೆ ಆ ಕಲ್ಲಿನ ಬಳಿ ಹೋಗು. ನನ್ನ ಹೆಸರಿನಲ್ಲಿ ಒಂದು ಹಿಡಿ ಹೂವಿಡು. ನಾಲ್ಕೂ ಜನರ ಹೆಸರು ಹೇಳಿ ಇಡು.

ಅದಕ್ಕೆ ಮುಂಚೆ, ಈ ಪತ್ರ ಓದಿ ಮುಗಿಸಿದ ಕೂಡಲೇ ಥರ್ಮಾಮೀಟರ್ ಇಟ್ಟು ನೋಡಿ, ಬಂದ ಅಂಕಿಯನ್ನು ಒಂದು ಗೆರೆಯೂ ಇಳಿಸದೆ ನನಗೆ ಬರೆ. ರಾತ್ರಿ ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ