ಹಳೇ ಫೋಟೊ ನಮ್ಮೂರಿಗೂ ಬರಲಿ

ಮಾನ್ಯರೇ,

ಈಚೆಗೆ ಹಾಸನದಿಂದ ನಾವೊಂದಷ್ಟು ಜನ ಆಗ್ರಾಕ್ಕೆ ಹೋಗಿದ್ದೆವು. ತಾಜ್‌ಮಹಲ್ ಬಿಡಿ, ಅದನ್ನು ಎಲ್ಲರೂ ನೋಡುತ್ತಾರೆ. ನನಗೆ ಹಿಡಿಸಿದ್ದು ಯಮುನಾ ದಡದ ಕೋಟೆ. 1565ರಲ್ಲಿ ಅಕ್ಬರ್ ಕಟ್ಟಿಸಲು ಶುರು ಮಾಡಿದ ಕೆಂಪು ಕಲ್ಲಿನ ಕೋಟೆ.

ಹೊರಡುವ ಮುಂಚೆ ಡಾ. ಜಾನ್ ಮರ್ರೆ ತೆಗೆದ ಇದೇ ಕೋಟೆಯ ಫೋಟೊಗಳನ್ನು ಮೊಬೈಲ್‌ನಲ್ಲಿ ನೋಡಿಕೊಂಡಿದ್ದೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯರು ಅವರು, 1850ರ ದಶಕದಲ್ಲಿ ಆಗ್ರಾದಲ್ಲಿದ್ದರು. ಆಗ ನೆಗೆಟಿವ್ ಅಂದರೆ ಮೇಣ ಹಚ್ಚಿದ ದೊಡ್ಡ ಕಾಗದ, ಅದರ ಮೇಲೆ ಚಿತ್ರ ಮೂಡೋಕೆ ನಿಮಿಷಗಟ್ಟಲೆ ಬೇಕು, ಹಾಗಾಗಿ ಓಡಾಡುವ ಜನ ಫೋಟೊದಲ್ಲಿ ಮಾಯ, ಹರಿಯುವ ನೀರು ಹಾಲು ಚೆಲ್ಲಿದ ಹಾಗೆ ಕಾಣುತ್ತೆ. ಈಗ ಕೋಟೆಗೂ ನದಿಗೂ ನಡುವೆ ರಸ್ತೆ, ವಾಹನಗಳ ಗಲಾಟೆ.

ಇದನ್ನೆಲ್ಲ ಯಾಕೆ ಬರೆದೆ ಅಂದರೆ, 1854ರ ಡಿಸೆಂಬರ್‌ನಲ್ಲಿ ಲಿನ್ನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ ನಮ್ಮ ಹಳೇಬೀಡು, ಬೇಲೂರಿಗೆ ಬಂದು ಇದೇ ರೀತಿ ಕಾಗದದ ನೆಗೆಟಿವ್‌ನಲ್ಲಿ ದೇವಸ್ಥಾನಗಳ ಫೋಟೊ ತೆಗೆದಿದ್ದಾರೆ. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನನಗೇ ಗೊತ್ತಿರಲಿಲ್ಲ, ಬೇಲೂರಿಗೆ ಹತ್ತಾರು ಸಲ ಹೋಗಿದ್ದೀನಿ!

ಆ ಫೋಟೊಗಳ ಪ್ರತಿ ಮಾಡಿಸಿ, ಅವರು ಕ್ಯಾಮೆರಾ ಇಟ್ಟ ಜಾಗದಲ್ಲೇ ಒಂದೊಂದು ಫಲಕ ಹಾಕಿದರೆ ಜಾಸ್ತಿ ಖರ್ಚೇನೂ ಆಗಲ್ಲ ಅಲ್ವಾ? ಸುಮ್ನೆ ಸೆಲ್ಫಿ ತೆಗೆದು ಹೋಗುವ ಮಕ್ಕಳು ಅಲ್ಲಿ ಎರಡು ನಿಮಿಷ ನಿಲ್ಲುತ್ತಾರೆ. ಸಂಬಂಧಪಟ್ಟವರು ಯೋಚಿಸಲಿ.

– ಒಬ್ಬ ಓದುಗ, ಹಾಸನ