ಮೂರು ಚಕ್ರದ ಬೈಕಿಗೆ ಗಾಳಿ: ತೂಕ ನೋಡಿ ಹಾಕಿಸಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ವಾಹನ ಪುಟದ ಪ್ರಶ್ನೋತ್ತರದಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಮೂರು ಚಕ್ರದ ಮೋಟಾರ್ ಸೈಕಲ್ಲಿಗೆ ಎಷ್ಟು ಗಾಳಿ ಹಾಕಿಸಬೇಕು ಅಂತ. ಉತ್ತರ ಎರಡೇ ಸಾಲು. 'ಕಾರಿನ ಟೈರು ಇದ್ದರೆ ಕಾರಿನ ಹಾಗೇ 32. ಇಲ್ಲವಾದರೆ ಟೈರಿನ ಮೇಲೆ ಬರೆದಷ್ಟು.' ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಇಂಥದ್ದೇ ಮಾತು ನಂಬಿ ನಾನು ಒಂದು ವರ್ಷ ಗಾಡಿ ಓಡಿಸಿದ್ದೇನೆ. ಹಿಂದಿನ ಸೀಟಿನಲ್ಲಿ ಹೆಂಡತಿ ಕೂತಿರುತ್ತಿದ್ದಳು.

ನಾನು ಮೂವತ್ತು ವರ್ಷ ತೂಕದ ಯಂತ್ರಗಳನ್ನು ರಿಪೇರಿ ಮಾಡಿದವನು. ಮಂಡಿ ಆಪರೇಷನ್ ಆದ ಮೇಲೆ ಭಾರದ ಬೈಕನ್ನು ನಿಂತಲ್ಲಿ ಕಾಲೂರಿ ಹಿಡಿಯಲು ಆಗುತ್ತಿರಲಿಲ್ಲ. ಬೈಕ್ ಬಿಡಲು ಮನಸ್ಸೂ ಇರಲಿಲ್ಲ. ಹಾಗಾಗಿ ಅದೇ ಬೈಕಿನ ಹಿಂಚಕ್ರ ತೆಗೆಸಿ, ಆ ಜಾಗಕ್ಕೆ ಅಚ್ಚು (ಆಕ್ಸಲ್) ಕೂರಿಸಿ ಎರಡು ಕಾರಿನ ಟೈರು ಹಾಕಿಸಿದೆ. ಮುಂದೆ ಮೊದಲಿನ ಬೈಕಿನ ಟೈರೇ ಇದೆ. ನನ್ನ ಹಾಗೆ ಕಾಲಿನ ತೊಂದರೆಗೋ ವಯಸ್ಸಿಗೋ ಮೂರು ಚಕ್ರಕ್ಕೆ ಬಂದವರು ಬಹಳ ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರು ಗಾಳಿಯ ವಿಷಯದಲ್ಲಿ ಯಾರೋ ಹೇಳಿದ್ದನ್ನೇ ನಂಬಿರುತ್ತಾರೆ.

ನನ್ನ ಗಾಡಿ ಕೈಗೆ ಬಂದ ದಿನ ಹಿಂದಿನ ಎರಡೂ ಟೈರಿನಲ್ಲಿ 36 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇತ್ತು. ಟೈರಿನ ಪಕ್ಕದಲ್ಲಿ 'ಮ್ಯಾಕ್ಸ್ 44' ಅಂತ ಅಚ್ಚಾಗಿದೆಯಲ್ಲ, ಅದಕ್ಕಿಂತ ಕಡಿಮೆ ತಾನೇ ಅಂದುಕೊಂಡು ನಾನೂ ಒಪ್ಪಿಕೊಂಡೆ. ಗಾಡಿ ಕುಲುಕುತ್ತಿತ್ತು. ಸಣ್ಣ ಉಬ್ಬು ಬಂದರೂ ಹಿಂಭಾಗ ಎಗರುತ್ತಿತ್ತು. ಮೂರು ಚಕ್ರ ಅಂದರೆ ಹೀಗೇ ಇರಬೇಕು ಅಂತ ತಿಳಿದಿದ್ದೆ.

ಒಂದು ಸಂಜೆ ಮಳೆ ನಿಂತ ಮೇಲೆ ತಿರುವಿನಲ್ಲಿ ನಿಧಾನಕ್ಕೇ ಹೋಗುತ್ತಿದ್ದೆವು. ತಿರುವಿನ ನಡುವೆ ರಸ್ತೆಗೆ ತೇಪೆ ಹಾಕಿದ ಒಂದು ಉಬ್ಬು ಇತ್ತು. ಹಿಂದಿನ ಚಕ್ರಗಳು ಅದರ ಮೇಲೆ ಕುಪ್ಪಳಿಸಿದವು. ಇಳಿಯುವಾಗ ಗಾಡಿಯ ಹಿಂಭಾಗ ಒಂದು ಗೇಣು ಪಕ್ಕಕ್ಕೆ ಸರಿದಿತ್ತು. ಎದುರಿನಿಂದ ವಾಹನ ಇರಲಿಲ್ಲ, ಬಚಾವಾದೆವು. ಹೆಂಡತಿ ನನ್ನ ಭುಜ ಹಿಡಿದ ಕೈಯನ್ನು ಮನೆ ಮುಟ್ಟುವ ತನಕ ಸಡಿಲಿಸಲಿಲ್ಲ. 'ರೀ, ಇನ್ನು ನಾನು ಬರಲ್ಲ' ಅಂದಳು.

ಮರುದಿನ ಬೆಳಿಗ್ಗೆ ಟೈರಿನ ಮುಂದೆ ಕೂತು ನೋಡಿದೆ. ಒಂಬತ್ತು ಸಾವಿರ ಕಿಲೋಮೀಟರ್ ಓಡಿದ ಟೈರು. ನಡುವಿನ ಗೀರಿನ ಆಳ 4 ಮಿಲಿಮೀಟರ್ ಉಳಿದಿತ್ತು, ಎರಡೂ ಅಂಚಿನಲ್ಲಿ 7. ಅಂಚಿನ ರಬ್ಬರಿನ ಮೇಲೆ ಹೊಸ ಟೈರಿಗೆ ಇರುತ್ತವಲ್ಲ, ಆ ಸಣ್ಣ ಕೂದಲಿನಂಥ ಎಳೆಗಳು, ಅವು ಕೂಡ ಕೆಲವು ಹಾಗೇ ಇದ್ದವು. ಅಷ್ಟು ದಿನ ನನ್ನ ಗಾಡಿ ಟೈರಿನ ನಡುವಿನ ಪಟ್ಟಿಯ ಮೇಲಷ್ಟೇ ಓಡಿತ್ತು!

ಆಗ ನನ್ನ ಕಸುಬು ನೆನಪಾಯಿತು. ಹಳೆಯ ಸಹೋದ್ಯೋಗಿಯಿಂದ ಮೂರು ಪ್ಲಾಟ್‌ಫಾರ್ಮ್ ತಕ್ಕಡಿ ತಂದೆ. ಮೂರನ್ನೂ ಒಂದೇ ಎತ್ತರಕ್ಕೆ ಹೊಂದಿಸಿ, ಒಂದೊಂದು ಚಕ್ರ ಒಂದೊಂದರ ಮೇಲೆ ನಿಲ್ಲಿಸಿದೆ. ಹೆಂಡತಿಯನ್ನು ಒಪ್ಪಿಸಿ ಹಿಂದೆ ಕೂರಿಸಿಕೊಂಡೆ. ಪೆಟ್ಟಿಗೆಯಲ್ಲಿ ಸಾಮಾನೂ ಇತ್ತು. ಮುಂದಿನ ಚಕ್ರದ ಮೇಲೆ 186 ಕಿಲೋ. ಹಿಂದೆ ಎಡಕ್ಕೆ 264, ಬಲಕ್ಕೆ 270. ಒಟ್ಟು 720.

ಇದೇ ಅಳತೆಯ ಟೈರು ಕಾರಿನಲ್ಲಿ ಹೊರುವುದು ಚಕ್ರಕ್ಕೆ ಸುಮಾರು 400 ಕಿಲೋ. ಅದಕ್ಕೆ 32 ಪಿಎಸ್‌ಐ ಸರಿ. ನನ್ನ ಗಾಡಿಯಲ್ಲಿ ಅದೇ ಟೈರು ಹೊರುತ್ತಿರುವುದು ಅದರ ಮೂರರಲ್ಲಿ ಎರಡು ಪಾಲು, ಗಾಳಿ ಮಾತ್ರ ಕಾರಿಗಿಂತ ಜಾಸ್ತಿ! ಒಂದು ಪಿಎಸ್‌ಐ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 70 ಗ್ರಾಂ ಒತ್ತಡ. ಚಕ್ರದ ಮೇಲಿನ ತೂಕವನ್ನು ಒತ್ತಡದಿಂದ ಭಾಗಿಸಿದರೆ ಟೈರು ನೆಲಕ್ಕೆ ತಾಗುವ ಜಾಗ ಎಷ್ಟು ಅಂತ ಅಂದಾಜು ಸಿಗುತ್ತದೆ. 36ರಲ್ಲಿ ನನ್ನ ಒಂದು ಹಿಂಟೈರು ನೆಲ ಹಿಡಿದಿದ್ದದ್ದು ಹೆಚ್ಚುಕಡಿಮೆ 105 ಚದರ ಸೆಂಟಿಮೀಟರ್. ಅದನ್ನೇ 24ಕ್ಕೆ ಇಳಿಸಿದರೆ 155ರ ಮೇಲೆ. ಟೈರಿನ ಗೋಡೆಯ ಬಿಗಿಯೂ ಇರುವುದರಿಂದ ಲೆಕ್ಕ ಕರಾರುವಾಕ್ಕಾಗಿ ಕೂರುವುದಿಲ್ಲ. ಆದರೂ ಒಂದೂವರೆ ಪಟ್ಟು ಜಾಗ ನೆಲಕ್ಕೆ ತಾಗುತ್ತದೆ ಅಂದರೆ ಸಣ್ಣ ಮಾತಲ್ಲ.

ಟೈರಿನ ಮೇಲೆ ಬರೆದ ಅಂಕಿಯ ಬಗ್ಗೆ ನಿಮ್ಮ ಉತ್ತರದಲ್ಲಿ ಬಂದ ಮಾತು ನನಗೆ ಹೆಚ್ಚು ಬೇಸರ ತಂದಿತು. ಅದು ಆ ಟೈರು ತಾಳುವ ಗರಿಷ್ಠ ಒತ್ತಡ, ಮೀರಬಾರದ ಗಡಿ. ಟೈರು ಮಾಡಿದವರಿಗೆ ಅದು ಯಾವ ಗಾಡಿಗೆ ಹೋಗುತ್ತದೆ, ಮೇಲೆ ಎಷ್ಟು ಭಾರ ಬೀಳುತ್ತದೆ ಅಂತ ಹೇಗೆ ಗೊತ್ತಿರಬೇಕು? ತಕ್ಕಡಿಯ ಮೇಲೆ 'ಗರಿಷ್ಠ 500 ಕಿಲೋ' ಅಂತ ಬರೆದಿದೆ ಅಂತ ಯಾರಾದರೂ ದಿನಾ 500 ಕಿಲೋ ಹೇರುತ್ತಾರಾ?

ಗಾಡಿಯಿಂದ ಗಾಡಿಗೆ ಅಂಕಿ ಎಷ್ಟು ಬೇರೆ ಅನ್ನುವುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಹಾರ್ಲೆ ಡೇವಿಡ್‌ಸನ್ ಟ್ರೈ ಗ್ಲೈಡ್‌ಗೆ ಮುಂದೆ ಒಂದು ಚಕ್ರ, ಹಿಂದೆ ಎರಡು. ಅದರ ಕೈಪಿಡಿ ಹೇಳುವುದು ಮುಂದೆ 36, ಹಿಂದೆ 26. ಕ್ಯಾನ್-ಆಮ್ ಸ್ಪೈಡರಿಗೆ ಮುಂದೆ ಎರಡು ಚಕ್ರ, ಹಿಂದೆ ಒಂದು. ಅದರ ಕೆಲವು ಮಾದರಿಗಳಿಗೆ ಮುಂದೆ 15, ಹಿಂದೆ 28. ಎರಡೂ ಮೂರು ಚಕ್ರದ ಗಾಡಿಗಳೇ, ಅಲ್ವಾ? ಒಂದರ ಅಂಕಿ ಇನ್ನೊಂದಕ್ಕೆ ಹಾಕಿದರೆ ಸ್ಪೈಡರಿನ ಮುಂದಿನ ಟೈರುಗಳಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ಗಾಳಿ ತುಂಬಿದಂತೆ. ಕಂಪನಿ ಗಾಡಿಯಾದರೆ ಕೈಪಿಡಿಯಲ್ಲಿ ಆ ವರ್ಷದ, ಆ ಮಾದರಿಯ ಅಂಕಿ ನೋಡಿ ಹಾಕಿಸಿದರೆ ಮುಗಿಯಿತು. ಬದಲಾಯಿಸಿದ ಗಾಡಿಗಳದ್ದೇ ಕಷ್ಟ.

ನನ್ನ ಗಾಡಿಗೆ ಅಚ್ಚಿನ ಸೆಟ್ ತಯಾರಿಸಿದವರ ಕಾಗದ ಹುಡುಕಿದೆ. ಸಿಕ್ಕಿತು. ಹಿಂದೆ 22ರಿಂದ 26 ಅಂತ ಅದರಲ್ಲಿ ಸ್ಪಷ್ಟವಾಗಿ ಇತ್ತು. ಕೂರಿಸಿಕೊಟ್ಟವರು ಓದಿರಲಿಲ್ಲ, ನಾನೂ ಓದಿರಲಿಲ್ಲ. ಆ ಮಿತಿಯೊಳಗೆ ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಸೀಮೆಸುಣ್ಣ ಸಾಕಾಯಿತು. ಟೈರಿನ ಅಗಲಕ್ಕೆ, ಈ ಅಂಚಿನಿಂದ ಆ ಅಂಚಿಗೆ, ಬೆರಳು ದಪ್ಪದ ಗೆರೆ ಎಳೆಯಬೇಕು. ಒಣ ರಸ್ತೆಯಲ್ಲಿ ನೇರವಾಗಿ ಐವತ್ತು ಅರವತ್ತು ಮೀಟರ್ ಹೋಗಿ ಇಳಿದು ನೋಡಬೇಕು. 36ರಲ್ಲಿ ನಡುವಿನ ಸುಣ್ಣ ಪೂರ್ತಿ ಹೋಗಿ ಎರಡೂ ಕಡೆ ಎರಡೆರಡು ಬೆರಳು ಹಾಗೇ ಉಳಿದಿತ್ತು. 30ರಲ್ಲಿ ಒಂದೊಂದು ಬೆರಳು. 24ರಲ್ಲಿ ಗೆರೆ ಪೂರ್ತಿ ಒಂದೇ ಸಮನೆ ಮಸುಕಾಗಿತ್ತು. ಪರೀಕ್ಷೆಗಷ್ಟೇ 20ಕ್ಕೆ ಇಳಿಸಿ ನೋಡಿದಾಗ ಅಂಚು ಮೊದಲು ಅಳಿಸಿ ನಡುವೆ ಬಿಳಿ ಉಳಿಯಿತು. ಇಬ್ಬರು ಕೂತಾಗ 24 ಅಂತ ಅಲ್ಲೇ ತೀರ್ಮಾನ ಮಾಡಿದೆ. ಒಬ್ಬನೇ ಹೋಗುವಾಗ 22. ಮುಂದೆ ಬೈಕಿನವರು ಹೇಳಿದ 36 ಹಾಗೇ ಇದೆ. ಮುಂದೆ ಗಾಳಿ ಇಳಿದರೆ ಹ್ಯಾಂಡಲ್ ತಿರುಗಿಸಲು ತೋಳು ಸೋಲುತ್ತದೆ. ಇಂಥ ಮೂರು ಚಕ್ರದ ಗಾಡಿ ಬೈಕಿನ ಹಾಗೆ ಓರೆಯಾಗುವುದಿಲ್ಲವಲ್ಲ, ತಿರುವಿನಲ್ಲಿ ಆ ಟೈರು ಪಕ್ಕಕ್ಕೆ ಉಜ್ಜುತ್ತದೆ.

ಕಡಿಮೆ ಮಾಡಿದಷ್ಟೂ ಒಳ್ಳೆಯದು ಅಂತ ಯಾರೂ ತಿಳಿಯಬಾರದು. ಅದು ಇನ್ನೂ ಅಪಾಯ. ಗಾಳಿ ತೀರಾ ಕಡಿಮೆಯಾದರೆ ಟೈರಿನ ಗೋಡೆ ಮಡಚಿ ಮಡಚಿ ಬಿಸಿಯಾಗುತ್ತದೆ. ಜೋರು ತಿರುವಿನಲ್ಲಿ ಟೈರಿನ ಅಂಚು ರಿಮ್ಮಿನಿಂದ ಸರಿದು ಗಾಳಿ ಒಮ್ಮೆಲೇ ಹೋಗಬಹುದು. ತಯಾರಕರು ಹೇಳಿದ ಕೆಳಗಿನ ಗಡಿ ದಾಟಲೇಬಾರದು.

ಇನ್ನು ಗಾಳಿ ಅಳೆಯುವ ಗೇಜಿನ ವಿಷಯ. ಇದರಲ್ಲಿ ನನಗೆ ಸ್ವಲ್ಪ ಹಟ ಜಾಸ್ತಿ, ಕಸುಬು ಅಂಥದ್ದು. ಒಂದೇ ಟೈರಿಗೆ, ಐದು ನಿಮಿಷದೊಳಗೆ, ಮೂರು ಗೇಜು ಹಿಡಿದೆ. ಒಂದು 21 ಅಂದಿತು, ಇನ್ನೊಂದು 24, ಮತ್ತೊಂದು 27. 27 ತೋರಿಸಿದ್ದು ಲಾರಿಗೆ ಹಿಡಿಯುವ 150ರ ತನಕದ ಗೇಜು. ಮುಳ್ಳಿನ ಗೇಜುಗಳಲ್ಲಿ ತಪ್ಪನ್ನು ಪೂರ್ತಿ ಅಳತೆಯ ಇಷ್ಟು ಶೇಕಡಾ ಅಂತ ಹೇಳುತ್ತಾರೆ. 150ರ ಗೇಜಿನಲ್ಲಿ ಶೇಕಡಾ 3 ಅಂದರೆ ನಾಲ್ಕೂವರೆ ಪಿಎಸ್‌ಐ. ಲಾರಿಗೆ ಅದು ಲೆಕ್ಕಕ್ಕಿಲ್ಲ. 15 ಬೇಕಾದ ಸ್ಪೈಡರಿನ ಮುಂದಿನ ಟೈರಿಗೆ? 60ರ ತನಕದ ಒಳ್ಳೆಯ ಗೇಜು ಒಂದನ್ನು ಸ್ವಂತಕ್ಕೆ ಇಟ್ಟುಕೊಳ್ಳಿ. ಯಾವಾಗಲೂ ಅದರಲ್ಲೇ ನೋಡಿ.

ನೋಡುವುದು ಬೆಳಿಗ್ಗೆ, ಗಾಡಿ ತೆಗೆಯುವ ಮೊದಲು. ಓಡಿದ ಟೈರಿನಲ್ಲಿ ಗಾಳಿ ಹಿಗ್ಗಿರುತ್ತದೆ. ಒಂದು ತಾಸು ಓಡಿಸಿದರೆ ನನ್ನ 24 ಇದ್ದದ್ದು 27, 28 ಆಗುತ್ತದೆ. ಅದು ಸಹಜ. ಒಮ್ಮೆ ದಾರಿಯಲ್ಲಿ ಗಾಳಿ ನೋಡಿದವರು 'ನಾಲ್ಕು ಜಾಸ್ತಿ ಇದೆ' ಅಂತ ಬಿಟ್ಟುಕೊಟ್ಟರು. ಮರುದಿನ ಬೆಳಿಗ್ಗೆ 20 ಚಿಲ್ಲರೆ ಇತ್ತು. ಹವೆ ತಣ್ಣಗಾದರೂ ಇಳಿಯುತ್ತದೆ. ಹತ್ತು ಡಿಗ್ರಿಗೆ ಒಂದೂಕಾಲು ಪಿಎಸ್‌ಐ ಅಂತ ನೆನಪಿಟ್ಟುಕೊಂಡರೆ ಸಾಕು.

ಇನ್ನೊಂದು ಮಾತು, ಎರಡು ಚಕ್ರದಿಂದ ಬಂದವರಿಗೆ. ಬೈಕಿನ ಹಿಂಟೈರಿನಲ್ಲಿ ಗಾಳಿ ಇಳಿದರೆ ಸೊಂಟಕ್ಕೆ ಗೊತ್ತಾಗುತ್ತದೆ, ಗಾಡಿ ಓಲಾಡುತ್ತದೆ. ಮೂರು ಚಕ್ರದ್ದು ನೆಟ್ಟಗೆ ನಿಂತೇ ಇರುತ್ತದೆ. ನನಗೆ ಒಮ್ಮೆ ಎಡಗಡೆ 24, ಬಲಗಡೆ 19 ಇದ್ದದ್ದು ವಾರದ ತನಕ ತಿಳಿಯಲಿಲ್ಲ. ಹ್ಯಾಂಡಲ್ ಸ್ವಲ್ಪ ಬಲಕ್ಕೆ ಎಳೆಯುತ್ತಿತ್ತು, ರಸ್ತೆಯ ಇಳಿಜಾರು ಅಂದುಕೊಂಡಿದ್ದೆ. ವಾಲ್ವಿನ ಬುಡಕ್ಕೆ ಸೋಪಿನ ನೀರು ಹಚ್ಚಿದಾಗ ಸಣ್ಣ ಗುಳ್ಳೆ ಬಂತು. ಜೋಡಿ ಚಕ್ರಗಳಲ್ಲಿ ಗಾಳಿ ಸಮ ಇರಲೇಬೇಕು. ಅದನ್ನು ಗೇಜೇ ಹೇಳಬೇಕು.

ಎಲ್ಲರ ಹತ್ತಿರ ಮೂರು ತಕ್ಕಡಿ ಇರುವುದಿಲ್ಲ, ಗೊತ್ತು. ಲಾರಿ ತೂಗುವ ವೇಬ್ರಿಡ್ಜ್ ಸಾಕು. ಮೊದಲು ಪೂರ್ತಿ ಗಾಡಿ, ಮಾಮೂಲು ಕೂರುವವರೆಲ್ಲ ಕೂತು. ಆಮೇಲೆ ಮುಂದಿನ ಚಕ್ರ ಕೆಳಗಿಳಿಸಿ ಹಿಂದಿನವು ಮಾತ್ರ. ಹತ್ತು ಕಿಲೋ ಹೆಚ್ಚುಕಡಿಮೆ ಆದರೂ ಚಿಂತೆಯಿಲ್ಲ. ಆ ಚೀಟಿ ಹಿಡಿದು ಸೆಟ್ ತಯಾರಕರನ್ನು ಕೇಳಿದರೆ ಅವರು ಸರಿಯಾದ ಅಂಕಿ ಕೊಡಬಲ್ಲರು.

ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ ಜಾನ್ ಬಾಯ್ಡ್ ಡನ್‌ಲಪ್ ಬೆಲ್‌ಫಾಸ್ಟ್‌ನಲ್ಲಿ ದನಕರುಗಳ ಡಾಕ್ಟರು. ಅವರು ಅದನ್ನು ಮೊದಲು ಕಟ್ಟಿದ್ದು ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗೆ. ಪೇಟೆಂಟ್ ಪಡೆದದ್ದು 1888ರಲ್ಲಿ. ಮಗನಿಗೆ ಕುಲುಕಾಟ ಕಡಿಮೆಯಾಗಲಿ ಅಂತ ಮಾಡಿದ ಕೆಲಸ ಅದು. ಅಂಥ ಟೈರಿಗೆ ಕಲ್ಲಿನ ಹಾಗೆ ಗಾಳಿ ತುಂಬಿ ನಾವು ಕುಲುಕಾಡುತ್ತಿದ್ದೇವೆ.

ನನ್ನ ಕೋರಿಕೆ ಎರಡು. ನಿಮ್ಮ ವಾಹನ ಪುಟದಲ್ಲಿ ಆ ಉತ್ತರವನ್ನು ದಯವಿಟ್ಟು ತಿದ್ದಿ ಹಾಕಿ. ಅದನ್ನು ಕತ್ತರಿಸಿ ಇಟ್ಟುಕೊಂಡವರು ಇರುತ್ತಾರೆ. ಎರಡನೆಯದು, ಬೈಕಿಗೆ ಮೂರನೇ ಚಕ್ರ ಕೂರಿಸುವವರಿಗೆ. ನನ್ನ ಗಾಡಿಯ ಚೌಕಟ್ಟಿನ ಮೇಲೆ ಹಳೆಯ ಸ್ಟಿಕ್ಕರ್ ಹಾಗೇ ಬಿಟ್ಟಿದ್ದರು. 'ಹಿಂದೆ 41' ಅಂತ ಅದರಲ್ಲಿ ಇತ್ತು. ಬಿಚ್ಚಿ ಎಸೆದ ಟೈರಿನ ಅಂಕಿ ಅದು! ಹಿಂಚಕ್ರ ಬದಲಾದ ದಿನವೇ ಆ ಸ್ಟಿಕ್ಕರ್ ಕೀಳಿ. ಹೊಸ ಅಂಕಿ ಬರೆದು ಅಂಟಿಸಿ. ಐದು ನಿಮಿಷದ ಕೆಲಸ.

ನಾನು ನನ್ನದನ್ನು ಕೆರೆದು ತೆಗೆದು ತಗಡಿನ ಚೂರಿನ ಮೇಲೆ ಪೇಂಟಿನಲ್ಲಿ ಬರೆದು ಅಂಟಿಸಿದ್ದೇನೆ: ಮುಂದೆ 36, ಹಿಂದೆ ಇಬ್ಬರಿದ್ದರೆ 24, ಒಬ್ಬರಿದ್ದರೆ 22, ಬೆಳಿಗ್ಗೆ ತಣ್ಣಗಿರುವಾಗ. ಹೋದ ತಿಂಗಳು ಹೆಂಡತಿ ಅದನ್ನು ಓದಿ, ತಾನೇ ಗೇಜು ಹಿಡಿದು ಎರಡೂ ಕಡೆ ನೋಡಿ, ಆಮೇಲೆ ಹೆಲ್ಮೆಟ್ ಹಾಕಿಕೊಂಡಳು.

ಇಂತಿ,
ತೂಕದ ಯಂತ್ರಗಳ ನಿವೃತ್ತ ಮೆಕ್ಯಾನಿಕ್, ನಿಮ್ಮ ಓದುಗ