ಮಾನ್ಯ ಶಾಸಕರೇ, ಹೋಮ್ ಗಾರ್ಡ್‌ಗೆ ತಿಂಗಳಿಗೆ ಎಷ್ಟು ದಿನ?

ಮಾನ್ಯ ಶಾಸಕರಿಗೆ ನಮಸ್ಕಾರ.

2025ರ ಮಾರ್ಚ್ 21 ನಿಮಗೆ ನೆನಪಿರುತ್ತದೆ. ಸದನದಲ್ಲಿ ಆವತ್ತು ಗದ್ದಲವೋ ಗದ್ದಲ. 18 ಜನ ಶಾಸಕರು ಸಸ್ಪೆಂಡ್ ಆದರು. ಆ ಕೂಗಾಟದ ನಡುವೆಯೇ ನಿಮ್ಮೆಲ್ಲರ ಸಂಬಳದ ಮಸೂದೆ ಚರ್ಚೆಯಿಲ್ಲದೆ ಪಾಸಾಯಿತು. ಶಾಸಕರಿಗೆ 40 ಸಾವಿರ ಇದ್ದದ್ದು 80 ಸಾವಿರ ಆಯಿತು. ಮುಖ್ಯಮಂತ್ರಿಗಳದ್ದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಹೋಯಿತು. ಇದು ಬರೀ ಸಂಬಳ, ಭತ್ಯೆ ಬೇರೆ.

ತಪ್ಪು ಅಂತ ನಾನು ಹೇಳುತ್ತಿಲ್ಲ. ಕ್ಷೇತ್ರ ಸುತ್ತಬೇಕು, ಮದುವೆ ಮುಂಜಿಗೆ ಹೋಗಬೇಕು, ಮನೆ ಬಾಗಿಲಿಗೆ ಬಂದವರಿಗೆ ಕಾಫಿ ಕೊಡಬೇಕು. ಖರ್ಚು ಇದ್ದೇ ಇರುತ್ತದೆ. ನನಗೆ ಸೋಜಿಗ ಆಗಿದ್ದು ಆ ವೇಗ. ಯಾಕೆಂದರೆ ಖಾಕಿ ಹಾಕಿಕೊಂಡು ನಮ್ಮ ಸರ್ಕಲ್‌ನಲ್ಲಿ ನಿಲ್ಲುವ ಹೋಮ್ ಗಾರ್ಡ್‌ಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿ ಹತ್ತು ವರ್ಷದ ಮೇಲಾಯಿತು. ಅದರ ಲೆಕ್ಕ ಇನ್ನೂ ಸರಿಯಾಗಿ ಕೂಡಿಲ್ಲ.

ಆ ತೀರ್ಪು ಬಂದಿದ್ದು 2015ರ ಮಾರ್ಚ್ 11ರಂದು. ಹಿಮಾಚಲ ಪ್ರದೇಶದ ಗೃಹರಕ್ಷಕರು, ಅಂದರೆ ಹೋಮ್ ಗಾರ್ಡ್‌ಗಳು, ಹಾಕಿದ್ದ ಕೇಸು. ನಮ್ಮನ್ನು ಕಾಯಂ ಮಾಡಿ ಅಂತ ಅವರು ಕೇಳಿದ್ದರು. ಕೋರ್ಟ್ ಅದಕ್ಕೆ ಒಪ್ಪಲಿಲ್ಲ, ಇವರು ಸ್ವಯಂಸೇವಕರು ಎಂದಿತು. ಆದರೆ ದಿನದ ಭತ್ಯೆಯನ್ನು ಹೇಗೆ ಕೊಡಬೇಕು ಎಂದು ಸ್ಪಷ್ಟವಾಗಿ ಹೇಳಿತು. 30 ದಿನದ ಭತ್ಯೆ ಕೂಡಿದರೆ ಆ ರಾಜ್ಯದ ಪೊಲೀಸರ ಕನಿಷ್ಠ ವೇತನಕ್ಕೆ ಸಮ ಬರಬೇಕು. ಮೂರು ತಿಂಗಳೊಳಗೆ ರಾಜ್ಯಗಳು ಆದೇಶ ಮಾಡುತ್ತವೆ ಎಂದು ನಿರೀಕ್ಷಿಸುತ್ತೇವೆ ಎಂದೂ ಬರೆಯಿತು.

ಕೂಡಿ ಕಳೆಯುವುದು ಕಷ್ಟವೇನಲ್ಲ. 2019ರಲ್ಲಿ ಪೊಲೀಸರ ಸಂಬಳ ಹೆಚ್ಚಿಸಲು ಹೇಳಿದ್ದ ಔರಾದ್ಕರ್ ವರದಿ ಜಾರಿಯಾದಾಗ ನಮ್ಮ ಕಾನ್‌ಸ್ಟೇಬಲ್‌ಗಳ ಆರಂಭದ ಮೂಲ ವೇತನ 23,500 ರೂಪಾಯಿ ಆಯಿತು. 30ರಿಂದ ಭಾಗಿಸಿ: 783 ರೂಪಾಯಿ ಚಿಲ್ಲರೆ. 2024ರ ಆಗಸ್ಟ್ 1ರಿಂದ ಏಳನೇ ವೇತನ ಆಯೋಗ ಬಂತು. ಸರ್ಕಾರಿ ನೌಕರಿಯ ತೀರಾ ಕೆಳಗಿನ ಮೆಟ್ಟಿಲಿನ ಮೂಲ ವೇತನವೇ 17 ಸಾವಿರದಿಂದ 27 ಸಾವಿರಕ್ಕೆ ಏರಿತು. ಕಾನ್‌ಸ್ಟೇಬಲ್ ಇರುವುದು ಅದಕ್ಕಿಂತ ಮೇಲಿನ ಮೆಟ್ಟಿಲಲ್ಲಿ. ಅದು ಬೇಡ, ಕೆಳಗಿನ 27 ಸಾವಿರವನ್ನೇ ಹಿಡಿಯೋಣ. ದಿನಕ್ಕೆ 900 ಆಗುತ್ತದೆ. ಇವತ್ತು ನಮ್ಮ ಜಿಲ್ಲೆಯಲ್ಲಿ ಕೊಡುತ್ತಿರುವ ದರವನ್ನು ಒಂದು ಫೋನ್ ಮಾಡಿ ಕೇಳಿಕೊಳ್ಳಿ. ಪಕ್ಕದಲ್ಲಿ ಈ 900 ಬರೆದು ನೋಡಿ. ಪಕ್ಕದ ತೆಲಂಗಾಣದಲ್ಲಿ 921 ಇದ್ದದ್ದನ್ನು 2025ರ ಜನವರಿಯಿಂದ ಸಾವಿರ ಮಾಡಿದರು. ಅವರ ಖಜಾನೆ ನಮ್ಮದಕ್ಕಿಂತ ತುಂಬಿ ತುಳುಕುತ್ತಿದೆಯೇ?

ಆದರೆ ದರದ ಮಾತು ಅರ್ಧ ಮಾತ್ರ. ನಾನು ಬರೆಯಲು ಕೂತಿದ್ದು ಉಳಿದರ್ಧಕ್ಕೆ.

ನನ್ನದು ಸರ್ಕಲ್ ಪಕ್ಕ ಝೆರಾಕ್ಸ್ ಅಂಗಡಿ. ಯಾವ ಊರು, ಯಾವ ಸರ್ಕಲ್ ಅಂತ ಬರೆಯುವುದಿಲ್ಲ. ಬರೆದರೆ ನಾಳೆಯಿಂದ ಒಬ್ಬ ಅಕ್ಕನಿಗೆ ಡ್ಯೂಟಿ ಬೀಳುವುದಿಲ್ಲ. ಅವರು ಹೋಮ್ ಗಾರ್ಡ್. ಬೆಳಗ್ಗೆ ಸ್ಕೂಲು ಶುರುವಾಗುವ ಹೊತ್ತಿಗೆ ನಮ್ಮ ಸರ್ಕಲ್‌ನಲ್ಲಿ ನಾಲ್ಕೂ ಕಡೆಯಿಂದ ಗಾಡಿ ನುಗ್ಗುತ್ತವೆ. ಜಲ್ಲಿ ಟಿಪ್ಪರ್, ಸ್ಕೂಲ್ ವ್ಯಾನ್, ಹಾಲಿನ ಆಟೋ, ಮೂರು ಜನ ಕೂತ ಬೈಕು. ಅಕ್ಕ ಬಲಗೈ ಚಾಚಿ ಟಿಪ್ಪರ್ ನಿಲ್ಲಿಸಿ, ಎಡಗೈಯಲ್ಲಿ ಮಕ್ಕಳನ್ನು ದಾಟಿಸುತ್ತಾರೆ. ಸೀಟಿ ಬಾಯಲ್ಲೇ ಇರುತ್ತದೆ. ಮಳೆ ಬಂದರೆ ಟೋಪಿಗೆ ಪ್ಲಾಸ್ಟಿಕ್ ಕವರ್ ಸಿಕ್ಕಿಸಿಕೊಳ್ಳುತ್ತಾರೆ. ಹತ್ತಿರದಲ್ಲಿ ಹೆಂಗಸರು ಹೋಗುವಂಥ ಶೌಚಾಲಯ ಇಲ್ಲ. ಹಾಗಾಗಿ ಮಧ್ಯಾಹ್ನದವರೆಗೆ ನೀರು ಕುಡಿಯುವುದಿಲ್ಲ. ಹೆಲ್ಮೆಟ್ ಇಲ್ಲದವನನ್ನು ನಿಲ್ಲಿಸಿದರೆ, "ನೀನೇನು ಪೊಲೀಸಾ?" ಅಂತ ಕೇಳಿ ಹೋಗುತ್ತಾನೆ. ಕರ್ನಾಟಕ ಗೃಹರಕ್ಷಕರ ಕಾಯ್ದೆ ಬಂದಿದ್ದು 1962ರಲ್ಲಿ. ಕರ್ತವ್ಯಕ್ಕೆ ಕರೆದಾಗ ಪೊಲೀಸರಿಗಿರುವ ಅಧಿಕಾರ, ರಕ್ಷಣೆ ಇವರಿಗೂ ಇದೆ ಎನ್ನುತ್ತದೆ ಅದು. ಬೈಕಿನವನಿಗೆ ಅದನ್ನು ಯಾರು ಹೇಳಬೇಕು?

ಒಂದು ದಿನ ಅಕ್ಕ ಪಾಸ್‌ಬುಕ್ ಝೆರಾಕ್ಸ್ ಮಾಡಿಸಲು ಬಂದರು. ಬಾಕಿ ಭತ್ಯೆಗೆ ಅರ್ಜಿ ಕೊಡಬೇಕಿತ್ತಂತೆ. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಒಂದು ತಿಂಗಳು ದುಡ್ಡು ಬಿದ್ದಿದೆ. ಆಮೇಲೆ ಬರೀ ಕಡಿತ, ಸ್ವಸಹಾಯ ಸಂಘದ ಸಾಲದ ಕಂತು. ಆಮೇಲೆ ಒಟ್ಟಿಗೆ ಒಂದು ಮೊತ್ತ. ಮತ್ತೆ ಖಾಲಿ. "ತಿಂಗಳಿಗೆ ಎಷ್ಟು ಬರುತ್ತೆ ಅಕ್ಕ?" ಎಂದೆ. "ಎಷ್ಟು ದಿನ ಕರೀತಾರೋ ಅಷ್ಟು" ಎಂದರು.

ಇದೇ ನೋಡಿ ವಿಷಯ. ಕೋರ್ಟು ಲೆಕ್ಕ ಹಾಕಿದ್ದು 30ರಿಂದ. ಅಕ್ಕನ ಬದುಕು ನಡೆಯುವುದು ಕರೆದಷ್ಟು ದಿನದಿಂದ. ದಿನಕ್ಕೆ 900 ಕೊಟ್ಟರೂ 15 ದಿನ ಕರೆದರೆ ಕೈಗೆ ಬರುವುದು 13,500. ಕಾನ್‌ಸ್ಟೇಬಲ್ ವೇತನಕ್ಕೆ ಸಮ ಎನ್ನುವ ಮಾತು ಕಾಗದದ ಮೇಲೆ ನಿಜವೇ ಆಗಿರುತ್ತದೆ, ಮನೆಯಲ್ಲಿ ಮಾತ್ರ ಅರ್ಧ ತಿಂಗಳ ರೇಷನ್. ಪಿಎಫ್ ಇಲ್ಲ, ಪಿಂಚಣಿ ಇಲ್ಲ. ಕರೆಯದ ದಿನ ಬೇರೆ ಕೆಲಸಕ್ಕೆ ಹೋಗೋಣವೆಂದರೆ ನಾಳೆ ಕರೆ ಬರಬಹುದು ಅಂತ ಯಾರೂ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ.

ಡ್ಯೂಟಿ ಹಾಕುವವರನ್ನು ಬೈದು ಪ್ರಯೋಜನವಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಘಟಕಾಧಿಕಾರಿಯೂ ಸ್ವಯಂಸೇವಕನೇ. ಅವನ ಕೈಯಲ್ಲಿ ಇರುವುದು ಇಷ್ಟೇ ಡ್ಯೂಟಿ, ಪಟ್ಟಿಯಲ್ಲಿ ಇರುವವರು ಜಾಸ್ತಿ. ಎಲ್ಲರಿಗೂ ಸ್ವಲ್ಪ ಸಿಗಲಿ ಅಂತ ಸರದಿ ಹಾಕುತ್ತಾನೆ. ಭಾನುವಾರದ ಪರೇಡ್ ತಪ್ಪಿಸಿದವನ ಹೆಸರು ಹಿಂದೆ ಹೋಗುತ್ತದೆ, ಮುಖಸ್ತುತಿ ಮಾಡಿದವನದ್ದು ಮುಂದೆ ಬರುತ್ತದೆ ಎಂಬ ಗೊಣಗಾಟವೂ ಇದೆ. ಕೊರತೆ ಇರುವ ಕಡೆ ಅದೆಲ್ಲ ಇದ್ದದ್ದೇ.

ಈ ವ್ಯವಸ್ಥೆ ಹುಟ್ಟಿದ್ದು ಬೇರೆ ಉದ್ದೇಶಕ್ಕೆ. 1946ರ ಡಿಸೆಂಬರ್‌ನಲ್ಲಿ ಆಗಿನ ಬಾಂಬೆ ಪ್ರಾಂತ್ಯದಲ್ಲಿ ಗಲಭೆ ತಡೆಯಲು ಶುರುವಾಯಿತು. ಚೀನಾ ಯುದ್ಧದ ನಂತರ ದೇಶದ ತುಂಬ ಹಬ್ಬಿತು. ಮೇಷ್ಟ್ರು, ಅಂಗಡಿಯವರು, ರೈತರು ತಮ್ಮ ಕಸುಬಿನ ಜೊತೆ ಊರಿಗೆ ಕಷ್ಟ ಬಂದಾಗ ನಾಲ್ಕು ದಿನ ಸೇವೆ ಮಾಡಲಿ ಎನ್ನುವುದು ಆಗಿನ ಲೆಕ್ಕ. ಈಗ? ಟ್ರಾಫಿಕ್‌ಗೆ ಹೋಮ್ ಗಾರ್ಡ್, ಜಾತ್ರೆಗೆ ಹೋಮ್ ಗಾರ್ಡ್, ಪರೀಕ್ಷೆಗೆ, ಪ್ರವಾಹಕ್ಕೆ, ಗಣೇಶ ಬಿಡುವ ಕೆರೆಗೆ ಹೋಮ್ ಗಾರ್ಡ್. ಚುನಾವಣೆ ಬಂದರೆ ಬಸ್ಸು ಹತ್ತಿಸಿ ಪಕ್ಕದ ರಾಜ್ಯಕ್ಕೂ ಕಳಿಸುತ್ತಾರೆ. ಅಕ್ಕನಂಥವರಿಗೆ ಇದೇ ಕಸುಬು, ಬೇರೆ ಇಲ್ಲ. ಕೆಲಸ ವರ್ಷಪೂರ್ತಿಯದು, ಸಂಬಳದ ಲೆಕ್ಕ ಮಾತ್ರ ಇನ್ನೂ ಆ ನಾಲ್ಕು ದಿನದ್ದು.

ದರ ಏರಿಸಿ, ಸಾಕು ಎಂದರೆ ಏನಾಗುತ್ತದೆ ಎನ್ನುವುದಕ್ಕೆ ಉತ್ತರ ಪ್ರದೇಶ ನೋಡಿ. 2019ರಲ್ಲಿ ಕೋರ್ಟಿನ ಆದೇಶದಿಂದ ಅಲ್ಲಿ ದಿನಕ್ಕೆ 500 ಇದ್ದದ್ದು 672 ರೂಪಾಯಿ ಆಯಿತು. ಕೆಲವೇ ತಿಂಗಳಲ್ಲಿ, ಅಕ್ಟೋಬರ್‌ನಲ್ಲಿ, ಪೊಲೀಸರ ಜೊತೆ ಕೆಲಸ ಮಾಡುತ್ತಿದ್ದ 25 ಸಾವಿರ ಹೋಮ್ ಗಾರ್ಡ್‌ಗಳು ಬೇಡ ಎಂಬ ಆದೇಶ ಹೊರಟಿತು. ಕಾರಣ ಬಜೆಟ್ ಇಲ್ಲ. ಉಳಿದವರ ಡ್ಯೂಟಿಯನ್ನು ತಿಂಗಳಿಗೆ 25 ದಿನದಿಂದ 15ಕ್ಕೆ ಇಳಿಸಿದ ಸುದ್ದಿಯೂ ಆಗ ಪತ್ರಿಕೆಗಳಲ್ಲಿ ಬಂತು. ದೀಪಾವಳಿ ಎದುರಿಗಿತ್ತು. ಗಲಾಟೆಯಾದ ಮೇಲೆ ಯಾರಿಗೂ ಕೆಲಸ ಹೋಗುವುದಿಲ್ಲ ಎಂದು ಸಚಿವರು ಸಮಾಧಾನ ಹೇಳಬೇಕಾಯಿತು. ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಕಿತ್ತುಕೊಳ್ಳುವುದು ಅಂದರೆ ಇದು ತಾನೇ? ಅದಕ್ಕೇ ನಾನು ದಿನದ ಸಂಖ್ಯೆ ಹಿಡಿದು ಕೂತಿರುವುದು.

ಇನ್ನು ನಮ್ಮ ನಗರಸಭೆಗೆ ಬರುತ್ತೇನೆ. ಅಲ್ಲಿ ನೀವು ಬರೀ ಅತಿಥಿ ಅಲ್ಲ. ಕಾಯ್ದೆ ಪ್ರಕಾರ ಶಾಸಕರೂ ಅಲ್ಲಿನ ಸದಸ್ಯರು, ನಿಮಗೆ ವೋಟೂ ಇದೆ. ಅಧ್ಯಕ್ಷರ ಚುನಾವಣೆ ದಿನ ತಪ್ಪದೆ ಬರುತ್ತೀರಿ, ನಾವೆಲ್ಲ ನೋಡಿದ್ದೇವೆ. ಬಜೆಟ್ ದಿನವೂ ಬನ್ನಿ.

ನಮ್ಮ ಸರ್ಕಲ್‌ನಲ್ಲಿ ಹೈಮಾಸ್ಟ್ ದೀಪ ಇದೆ. ಕಂಬದ ಮೇಲೆ ನಿಮ್ಮ ಹೆಸರೂ ಇದೆ. ಒಳ್ಳೆಯ ಕೆಲಸ, ರಾತ್ರಿ ಅಂಗಡಿ ಮುಚ್ಚಿ ಹೋಗುವಾಗ ಧೈರ್ಯ ಬರುತ್ತದೆ. ಆ ದೀಪದ ಕರೆಂಟ್ ಬಿಲ್ಲಿಗೆ ನಗರಸಭೆ ಬಜೆಟ್‌ನಲ್ಲಿ ಜಾಗ ಇದೆ, ರಿಪೇರಿಗೆ ಜಾಗ ಇದೆ. ಕಂಬದ ಕೆಳಗೆ ನಿಲ್ಲುವ ಮನುಷ್ಯರಿಗೆ ಜಾಗ ಇಲ್ಲ. ಪೊಲೀಸರನ್ನು ಕೇಳಿದರೆ, ನಮಗೆ ಕೊಟ್ಟಿರುವ ಹೋಮ್ ಗಾರ್ಡ್ ಇಷ್ಟೇ, ಜಾಸ್ತಿ ಬೇಕಾದರೆ ದುಡ್ಡು ಯಾರು ಕೊಡುತ್ತಾರೆ ಎನ್ನುತ್ತಾರೆ. ನಗರಸಭೆಯಲ್ಲಿ ಕೇಳಿದರೆ ಟ್ರಾಫಿಕ್ ನಮ್ಮ ಕೆಲಸವಲ್ಲ. ಸ್ಕೂಲಿನವರು ರಸ್ತೆ ನಮ್ಮದಲ್ಲ ಎನ್ನುತ್ತಾರೆ. ಮೂವರೂ ಹೇಳುವುದು ಒಂದು ಲೆಕ್ಕಕ್ಕೆ ಸರಿಯೇ. ಅದರ ಫಲ ಏನೆಂದರೆ, ತಿಂಗಳಲ್ಲಿ ಎಷ್ಟೋ ದಿನ ಸರ್ಕಲ್ ಖಾಲಿ. ಆ ದಿನಗಳಲ್ಲಿ ಎರಡನೇ ಕ್ಲಾಸಿನ ಹುಡುಗಿ ಟಿಪ್ಪರ್ ಬರುತ್ತಿದೆಯಾ ಅಂತ ತಾನೇ ಇಣುಕಿ ನೋಡಿ ಓಡುತ್ತಾಳೆ. ನಾನೋ ಪಕ್ಕದ ಬೇಕರಿಯವರೋ ಹೋಗಿ ಕೈ ಅಡ್ಡ ಹಿಡಿಯುತ್ತೇವೆ. ನಮ್ಮನ್ನು ಯಾವ ಡ್ರೈವರ್ ಕೇಳುತ್ತಾನೆ?

ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಕಟ್ಟುತ್ತೇವೆ. ಅಂದರೆ ಇಂಥ ಕೆಲಸಕ್ಕೆ ಇಷ್ಟು ಅಂತ ದುಡ್ಡು ಬೇರೆ ಎತ್ತಿಡುವುದು ನಮ್ಮಲ್ಲಿ ಹೊಸದಲ್ಲ. ಹಾಗಂತ ಇನ್ನೊಂದು ಕರ ಹಾಕಿಬಿಡಬೇಡಿ ಮತ್ತೆ! ಇರುವುದರಲ್ಲೇ ಎತ್ತಿಡಿ ಅಂತ ಕೇಳುತ್ತಿದ್ದೇನೆ. ಟ್ರಾಫಿಕ್ ದಂಡದ ದುಡ್ಡೂ ಇದೆ. 2023ರ ಫೆಬ್ರವರಿಯಲ್ಲಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರೊಂದರಲ್ಲೇ ಕೆಲವೇ ದಿನಗಳಲ್ಲಿ ಸುಮಾರು 120 ಕೋಟಿ ರೂಪಾಯಿ ಬಂತು. ಅದು ರಾಜ್ಯದ ಖಜಾನೆಗೆ ಹೋಗುವ ದುಡ್ಡು, ನಗರಸಭೆಯದ್ದಲ್ಲ, ಗೊತ್ತು. ಆ ಖಜಾನೆಯ ಮುಂದೆ ಕೂರುವವರು ನೀವೇ ಅಲ್ವಾ?

ಶಾಸಕರ ನಿಧಿ ಕೇಳುತ್ತಿಲ್ಲ. ಅದು ಕಟ್ಟಡ, ರಸ್ತೆಗೆ ಇರುವ ದುಡ್ಡು, ಅದರಿಂದ ಸಂಬಳ ಕೊಡಲು ಆಗುವುದಿಲ್ಲ. ಆದರೆ ಸರ್ಕಲ್ ಪಕ್ಕ ಒಂದು ಶೌಚಾಲಯ ಕಟ್ಟಿಸಲು ಆಗುತ್ತದೆ. ಅದಕ್ಕೂ ನಿಮ್ಮ ಹೆಸರು ಬರೆಸಿಕೊಳ್ಳಿ, ನಮ್ಮ ಅಡ್ಡಿ ಇಲ್ಲ.

ನನ್ನ ಬೇಡಿಕೆ ಜಾಸ್ತಿ ಏನಿಲ್ಲ. ಮುಂದಿನ ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಉತ್ತರ ಹೇಳಬೇಕಾದ ಪ್ರಶ್ನೆ) ಹಾಕಿ: ಕಳೆದ ಒಂದು ವರ್ಷದಲ್ಲಿ ಪ್ರತಿ ಜಿಲ್ಲೆಯಲ್ಲಿ ಒಬ್ಬ ಹೋಮ್ ಗಾರ್ಡ್‌ಗೆ ತಿಂಗಳಿಗೆ ಸರಾಸರಿ ಎಷ್ಟು ದಿನ ಡ್ಯೂಟಿ ಸಿಕ್ಕಿದೆ, ಮಾಡಿದ ಡ್ಯೂಟಿಯ ಭತ್ಯೆ ಎಷ್ಟು ದಿನಕ್ಕೆ ಕೈ ಸೇರಿದೆ? ದರ ಎಷ್ಟು ಅಂತ ಕೇಳಿದರೆ ಸುಮ್ನೆ ಒಂದು ಸಾಲಿನ ಉತ್ತರ ಬರುತ್ತದೆ. ದಿನ ಎಷ್ಟು ಅಂತ ಕೇಳಿದರೆ ಇಲಾಖೆ ಹಾಜರಿ ಪುಸ್ತಕ ತೆಗೆಯಲೇಬೇಕು. ಆ ಉತ್ತರ ಕೈಯಲ್ಲಿ ಹಿಡಿದು, ಬರಲು ತಯಾರಿರುವವರಿಗೆ ತಿಂಗಳಿಗೆ ಕನಿಷ್ಠ 25 ದಿನ ಡ್ಯೂಟಿ ಅಂತ ಆದೇಶ ಮಾಡಿಸಿ. ಅಷ್ಟು ಕೆಲಸ ಇಲ್ಲ ಎಂದರೆ ಇಲ್ಲದ ಕೆಲಸಕ್ಕೆ ಹೊಸಬರನ್ನು ಸೇರಿಸಿಕೊಳ್ಳುವುದನ್ನಾದರೂ ನಿಲ್ಲಿಸಲಿ.

ಊರಿನಲ್ಲಿ ಇನ್ನೊಂದು. ನಗರಸಭೆ ಬಜೆಟ್‌ನಲ್ಲಿ ಸ್ಕೂಲ್ ಸರ್ಕಲ್‌ಗಳ ಹೋಮ್ ಗಾರ್ಡ್ ಭತ್ಯೆ ಅಂತ ಒಂದು ಸಾಲು ಬರಲಿ. ಮೂರು ತಿಂಗಳ ದುಡ್ಡನ್ನು ಮುಂಚಿತವಾಗಿ ಗೃಹರಕ್ಷಕ ದಳದ ಜಿಲ್ಲಾ ಕಚೇರಿಗೆ ಕಟ್ಟಿಬಿಡಲಿ. ಬಿಲ್ಲು ಬಂದ ಮೇಲೆ ನೋಡೋಣ ಎಂದರೆ ಅಕ್ಕನ ಪಾಸ್‌ಬುಕ್ ಮತ್ತೆ ಖಾಲಿ ಬೀಳುತ್ತದೆ. ಎರಡು ಪಾಳಿಗೆ ನಾಲ್ಕು ಸರ್ಕಲ್ ಎಂದರೆ ಎಂಟು ಜನ. ದಿನಕ್ಕೆ 900ರಂತೆ, ತಿಂಗಳಿಗೆ 25 ದಿನ, ಶಾಲೆ ನಡೆಯುವ ಹತ್ತು ತಿಂಗಳಿಗೆ 18 ಲಕ್ಷ. ನಮ್ಮ ನಗರಸಭೆಗೆ ಇದು ಸಣ್ಣ ಮೊತ್ತವಲ್ಲ, ಒಪ್ಪುತ್ತೇನೆ. ಆದರೆ ಒಂದು ಸ್ವಾಗತ ಕಮಾನಿಗೆ ಎಷ್ಟು ಆಗುತ್ತದೆ ಎಂದು ಎಂಜಿನಿಯರ್ ಸಾಹೇಬರನ್ನು ಒಮ್ಮೆ ಕೇಳಿ.

ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನೂ ಕರೆಯುತ್ತಾರೆ. ಈ ಲೆಕ್ಕದ ಹಾಳೆಯನ್ನು ಝೆರಾಕ್ಸ್ ಮಾಡಿ ಎಲ್ಲ ಸದಸ್ಯರಿಗೂ ಹಂಚುತ್ತೇನೆ, ಖರ್ಚು ನನ್ನದೇ. ಮೊದಲನೇ ಪ್ರತಿ ನಿಮ್ಮ ಕಚೇರಿಗೆ ಈ ವಾರವೇ ತಲುಪುತ್ತದೆ. ಸ್ವೀಕೃತಿ ಸಹಿ ಹಾಕಿಸಿ ಕೊಡಲು ನಿಮ್ಮ ಪಿಎಗೆ ಹೇಳಿರಿ.

ಇಂತಿ,
ಸರ್ಕಲ್ ಪಕ್ಕದ ಝೆರಾಕ್ಸ್ ಅಂಗಡಿಯವನು